ಏಳನೇ ಹಾಡಿನ ಉಸಿರು

ಜೂಲಿಯೆಟ್ ಕ್ವಾಡ್ರಸ್ ಹನ್ನೊಂದು ವರ್ಷ ದೋಹಾದ ಒಂದು ಹೋಟೆಲಿನಲ್ಲಿ ಸತ್ತ ಹೆಂಗಸರ ಸ್ವರದಲ್ಲಿ ಹಾಡಿ ಬದುಕಿದ್ದಳು. ಹದಿನಾಲ್ಕನೇ ಮಹಡಿಯ ಲೌಂಜಿನಲ್ಲಿ, ಫಿಲಿಪಿನೋ ಪಿಯಾನೋದವನ ಪಕ್ಕ ನಿಂತು, ಅತಿಥಿಗಳು ಯಾವ ಜಾಝ್ ಗಾಯಕಿಯ ಹೆಸರನ್ನು ಚೀಟಿಯಲ್ಲಿ ಬರೆದು ಕಳಿಸುತ್ತಾರೋ ಆ ಗಾಯಕಿಯಾಗುವುದು ಅವಳ ಕೆಲಸ. ಒಬ್ಬಳ ಸ್ವರವನ್ನು ಮೂಗಿನಿಂದ ಎಳೆಯಬೇಕು. ಇನ್ನೊಬ್ಬಳಿಗೆ ಗಂಟಲಲ್ಲಿ ಮರಳು ಸಿಕ್ಕಿಕೊಂಡಂತೆ ಉಜ್ಜಬೇಕು. ಮತ್ತೊಬ್ಬಳಿಗೆ ತಾಳ ಮುಂದೆ ಹೋದ ಮೇಲೆ, ಬಸ್ಸು ತಪ್ಪಿದವಳ ಹಾಗೆ ಹಿಂದಿನಿಂದ ಓಡಿ ಬಂದು ಹತ್ತಬೇಕು. ಎಲ್ಲರೂ ಅವಳಿಗೆ ಬರುತ್ತಿದ್ದರು. ಜೂಲಿಯೆಟ್‌ಳ ಸ್ವರದಲ್ಲೇ ಹಾಡು ಎಂದು ಚೀಟಿ ಬರೆದವರು ಮಾತ್ರ ಹನ್ನೊಂದು ವರ್ಷದಲ್ಲಿ ಒಬ್ಬರೂ ಇಲ್ಲ.

ವೀಸಾದಲ್ಲಿ ಅವಳ ಉದ್ಯೋಗ ರಿಸೆಪ್ಶನಿಸ್ಟ್. ಮಂಗಳೂರಿನ ಕುಲಶೇಖರದಲ್ಲಿ ಅಣ್ಣನ ಸಂಸಾರದೊಂದಿಗಿದ್ದ ತಾಯಿ ಅಗಾತಾಬಾಯಿ ವಾರ್ಡಿನವರಿಗೆಲ್ಲ ಹೇಳಿದ್ದೂ ಅದನ್ನೇ. ಹೀಗೆ ತಾಯಿಯ ಸುಳ್ಳಿಗೆ ಕತಾರ್ ಸರ್ಕಾರದ ಸೀಲು ಬಿದ್ದು ಅದು ದಾಖಲೆಯಾಗಿತ್ತು. ಜೂಲಿಯೆಟ್‌ಳ ತಂದೆ ಇಗರ್ಜಿಯಲ್ಲಿ ಮೂವತ್ತು ವರ್ಷ ಆರ್ಗನ್ ನುಡಿಸಿದವರು. ಅಂಥವರ ಮಗಳು ಗ್ಲಾಸುಗಳ ಸದ್ದಿನ ನಡುವೆ ಹಾಡುತ್ತಾಳೆ ಎಂಬುದನ್ನು ಅಗಾತಾಬಾಯಿ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಮಗಳ ಒಂದು ಹಾಡನ್ನೂ ಕೇಳಿರಲಿಲ್ಲ. ಊರಿಗೆ ಹೋದಾಗ ಜೂಲಿಯೆಟ್ ಒಮ್ಮೆ ಟೇಪ್ ಹಾಕಲು ಹೊರಟದ್ದಕ್ಕೆ ಎದ್ದು ಹೋಗಿ ಬಟ್ಟೆ ಒಗೆಯಲು ಕುಳಿತಿದ್ದಳು. ದೇವರಿಗೆ ಹಾಡಿದ್ದು ಏನಾದರೂ ಇದ್ದರೆ ಕಳಿಸು, ಕೇಳುತ್ತೇನೆ ಎಂದು ಕಲ್ಲಿನ ಕಡೆ ನೋಡಿ ಹೇಳಿದ್ದಳು.

ದೇವರಿಗೆ ಹಾಡಲು ದೋಹಾದಲ್ಲಿ ಅವಳನ್ನು ಬಿಡುತ್ತಿರಲಿಲ್ಲ. ಕತಾರಿನಲ್ಲಿ ಭಾನುವಾರ ಆಫೀಸು, ಪೂಜೆಯೆಲ್ಲ ಶುಕ್ರವಾರ. ಮೊದಲ ಎಂಟು ವರ್ಷ ಅವಳು ಶುಕ್ರವಾರದ ಕಾಯಿರಿನಲ್ಲಿ, ಇಗರ್ಜಿಯ ಗಾಯನವೃಂದದಲ್ಲಿ, ಎರಡನೇ ಸಾಲಿಗೆ ನಿಂತು ಹಾಡಿದ್ದಳು. ಆಮೇಲೆ ಯಾರದೋ ಭಾವ ಗುರುವಾರ ಅವಳನ್ನು ಹೋಟೆಲಿನಲ್ಲಿ ಕಂಡ. ಗುರುವಾರ ಬಾರಿನಲ್ಲಿ ಹಾಡಿದ ಗಂಟಲು ಶುಕ್ರವಾರ ಕಾಯಿರಿನಲ್ಲಿ ಹಾಡಬಹುದೇ ಎಂಬ ಪ್ರಶ್ನೆ ಇಗರ್ಜಿಯ ಸಮಿತಿಯ ಮುಂದೆ ಬಂತು. ಸಂಗೀತದಲ್ಲೂ ಬಾರ್ ಎಂಬ ತಾಳದ ಅಳತೆಯೊಂದಿದೆ, ಆದರೆ ಸಮಿತಿಗೆ ಗೊತ್ತಿದ್ದದ್ದು ಒಂದೇ ಬಾರು. ಭಾವ ಅಲ್ಲಿಗೆ ಯಾಕೆ ಹೋಗಿದ್ದ ಎಂದು ಯಾರೂ ಕೇಳಲಿಲ್ಲ. ಜೂಲಿಯೆಟ್‌ಗೆ ಕುಳಿತು ಪ್ರಾರ್ಥಿಸಲು ಯಾವ ಅಡ್ಡಿಯೂ ಇಲ್ಲವೆಂದು ಪ್ರೀತಿಯಿಂದ ತಿಳಿಸಲಾಯಿತು.

ತಿಳಿಸಿದವರು ಕಾಯಿರ್ ಮಾಸ್ಟರ್ ಯೂಸ್ಟೇಸ್ ರೆಬೆಲ್ಲೊ. ಮೆಸಯೀದಿನ ಒಂದು ಕಾರ್ಖಾನೆಯಲ್ಲಿ ಅಡ್ಮಿನ್ ಮ್ಯಾನೇಜರ್. ಅವರ ಮಾತು ಸುತ್ತೋಲೆಯ ಹಾಗೆ: ಮೊದಲು ವಿಷಯ, ಆಮೇಲೆ ಉಲ್ಲೇಖ, ಕೊನೆಗೆ ವಂದನೆಗಳು. ಅವರೇ ಎರಡು ಸಾವಿರದ ಏಳರ ಮೇ ತಿಂಗಳಲ್ಲಿ ಒಂದು ಶುಕ್ರವಾರ ಪೂಜೆ ಮುಗಿದ ಮೇಲೆ ಪಾರ್ಕಿಂಗಿನ ಮರಳಿನಲ್ಲಿ ಅವಳನ್ನು ತಡೆದು ನಿಲ್ಲಿಸಿದರು.

ವಿಷಯ ಏನೆಂದರೆ, ಅಬು ಹಮೂರಿನಲ್ಲಿ ಹೊಸ ಇಗರ್ಜಿ ಏಳುತ್ತಿದೆ. ಮುಂದಿನ ವರ್ಷ ಬಾಗಿಲು ತೆರೆದಾಗ ನಮ್ಮ ಸಮುದಾಯದ್ದೊಂದು ಕಾಣಿಕೆ ಬೇಕು. ಹನ್ನೆರಡು ಸ್ತುತಿಗೀತೆಗಳ ಸೀಡಿ, ಹತ್ತು ಕೊಂಕಣಿ, ಎರಡು ಕನ್ನಡ. ಈಗಿನ ಗಿಟಾರ್ ಹಾಡುಗಳು ಬೇಡ, ಹಳೆಯವು ಬೇಕು. ಹಳೆಯವು ಇರುವುದು ನಿಮ್ಮ ತಂದೆಯ ನೋಟ್‌ಬುಕ್ಕಿನಲ್ಲಿ. ಅದನ್ನು ಓದಿ ಹಾಡಲು ಬರುವುದು ಈ ದೇಶದಲ್ಲಿ ನಿಮಗೊಬ್ಬರಿಗೆ.

ಜೂಲಿಯೆಟ್ ಒಂದೇ ಪ್ರಶ್ನೆ ಕೇಳಿದಳು. "ಹೆಸರು ಯಾರದ್ದು ಹಾಕ್ತೀರಿ?"

"ಹಾಡುವವರದ್ದೇ ಹಾಕ್ತೇವೆ, ಮತ್ತೆ ಯಾರದ್ದು? ಹೆಸರೂ ಬರ್ತದೆ, ಫೋಟೋವೂ ಬರ್ತದೆ. ಬಾಗಿಲು ತೆರೆದ ದಿನ ಕಾಯಿರಿನ ಎದುರಿನ ಸಾಲು ನಿಮ್ದೇ, ಬಾಯಿ. ಮಾತು ಕೊಟ್ಟೆ ನೋಡಿ."

ಆ ಸಂಜೆಯೇ ಅವಳು ಕುಲಶೇಖರಕ್ಕೆ ಫೋನ್ ಮಾಡಿದಳು. ಅಗಾತಾಬಾಯಿ ಇಗರ್ಜಿಯ ಹೆಸರನ್ನು ಎರಡು ಸಲ ಕೇಳಿಕೊಂಡಳು. ಆಮೇಲೆ ಫೋಟೋಕ್ಕೆ ಬಿಳಿ ರವಿಕೆ ಹಾಕು, ತೋಳು ಉದ್ದ ಇರಲಿ ಎಂದಳು. ಮರುದಿನವೇ ವಾರ್ಡಿನಲ್ಲಿ ಸುದ್ದಿ ಹರಡಿತು: ರಿಸೆಪ್ಶನಿಸ್ಟ್ ಮಗಳು ಅಪ್ಪನ ಹಾಡುಗಳನ್ನು ಹಾಡಿ ಸೀಡಿ ಮಾಡುತ್ತಿದ್ದಾಳೆ, ವಿದೇಶದ ಹೊಸ ಇಗರ್ಜಿಯ ಉದ್ಘಾಟನೆಗೆ.

ಸ್ಟುಡಿಯೋ ಎಂದರೆ ಅಲ್ ವುಕೈರಿನಲ್ಲಿ ಗೋಪಿನಾಥನ ಫ್ಲ್ಯಾಟಿನ ಎರಡನೇ ಬೆಡ್‌ರೂಮು. ಗೋಪಿನಾಥ ಪಡುಬಿದ್ರಿಯವನು. ಹಗಲು ಒಂದು ಈವೆಂಟ್ ಕಂಪೆನಿಯಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದ. ಆ ಕೋಣೆಯ ಗೋಡೆಗೆ ಮೊಟ್ಟೆ ಟ್ರೇಗಳು, ಬಾಗಿಲಿಗೆ ಹಾಸಿಗೆ, ಕಿಟಕಿಗೆ ಮೂರು ಕಂಬಳಿ. ಪಕ್ಕದಲ್ಲೇ ಮಸೀದಿ. ಹಾಗಾಗಿ ಶುಕ್ರವಾರ ಜುಮ್ಮಾ ಮುಗಿದು ಜನ ಚದುರಿದ ಮೇಲೆ ಶುರು ಮಾಡಿ, ಮೂರು ಗಂಟೆಯ ಬಾಂಗ್‌ಗೆ ಮುಂಚೆ ಮುಗಿಸಬೇಕು. ಏಸುವಿನ ಹಾಡಿಗೆ ಟೈಮ್‌ಟೇಬಲ್ ಬರೆದುಕೊಟ್ಟದ್ದು ಮಸೀದಿ ಎಂದು ಗೋಪಿನಾಥ ನಗುತ್ತಿದ್ದ.

ಅದಕ್ಕಿಂತ ದೊಡ್ಡ ತೊಂದರೆ ಏಸಿಯದು. ಎಷ್ಟೇ ಒಳ್ಳೆಯ ಏಸಿಯಾದರೂ ಮೈಕಿಗೆ ಜೇನುನೊಣದ ಹಾಗೆ ಕೇಳಿಸುತ್ತದೆ. ಆದ್ದರಿಂದ ಪ್ರತಿ ಹಾಡಿಗೂ ಏಸಿ ಆಫ್ ಮಾಡಬೇಕು. ಜೂನ್ ತಿಂಗಳು, ಹೊರಗೆ ನಲವತ್ತಾರು ಡಿಗ್ರಿ, ಕಿಟಕಿಗೆ ಕಂಬಳಿ. ಹಾಡು ನಾಲ್ಕು ನಿಮಿಷದ್ದು. ಮೊದಲ ನಿಮಿಷ ಸುಖ, ಎರಡನೆಯದರಲ್ಲಿ ಬೆನ್ನು ಒದ್ದೆ, ಮೂರನೆಯದರಲ್ಲಿ ಹುಬ್ಬಿನಿಂದ ಕಣ್ಣಿಗೆ ಉಪ್ಪು ಇಳಿಯುತ್ತದೆ. ನಾಲ್ಕನೆಯದರಲ್ಲಿ ಹಾಡುವವಳು ನಿಜವಾಗಿ ದೇವರನ್ನೇ ಕರೆಯುತ್ತಿರುತ್ತಾಳೆ. ಹಾಡು ಮುಗಿದೊಡನೆ ಗೋಪಿನಾಥ ಸ್ವಿಚ್ಚಿಗೆ ಹಾರುತ್ತಿದ್ದ. ಜೂಲಿಯೆಟ್ ಫ್ರಿಜ್ಜಿನಲ್ಲಿಟ್ಟ ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದಳು. ಹತ್ತು ನಿಮಿಷ ತಂಪಾಗಿ, ಮತ್ತೆ ಆಫ್.

ಯೂಸ್ಟೇಸರು ಹೊರಗಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಏಸಿಯ ಕೆಳಗೆ ಕೂರುತ್ತಿದ್ದರು. ಅವರಿಗೆ ಬೇಕಾದದ್ದು ನೇರ ಸ್ವರ. ಜೂಲಿಯೆಟ್ ಎಲ್ಲಾದರೂ ಸ್ವರವನ್ನು ಸ್ವಲ್ಪ ಬಗ್ಗಿಸಿದರೆ, ತಾಳಕ್ಕಿಂತ ಅರೆಕ್ಷಣ ತಡೆದು ಪದವನ್ನು ಇಳಿಸಿದರೆ, ನಡುಗೋಡೆಯ ಸಣ್ಣ ಗಾಜಿನಾಚೆ ಅವರ ಕೈ ಟ್ರಾಫಿಕ್ ಪೊಲೀಸನ ಹಾಗೆ ಏಳುತ್ತಿತ್ತು. "ಲೇಟಾಗಿ ಬರೋದು ಆಫೀಸಲ್ಲೂ ಬೇಡ, ಹಾಡಲ್ಲೂ ಬೇಡ. ಆ ಹೋಟೆಲಿನ ಬಳುಕು ತೆಗೀರಿ, ಬಾಯಿ. ಇಸ್ತ್ರಿ ಹಾಕಿದ ಹಾಗೆ ಇರಲಿ."

ಅವಳು ಇಸ್ತ್ರಿ ಹಾಕಿದಳು. ಹನ್ನೊಂದು ವರ್ಷದಲ್ಲಿ ಕಲಿತದ್ದನ್ನೆಲ್ಲ ಒಂದೊಂದು ಮಡಿಕೆಯಾಗಿ ಬಿಡಿಸಿ ಚಪ್ಪಟೆ ಮಾಡಿದಳು. ಸತ್ತ ಅಮೆರಿಕನ್ ಹೆಂಗಸರು ಒಬ್ಬೊಬ್ಬರಾಗಿ ಗಂಟಲಿಂದ ಇಳಿದು ಹೋದ ಮೇಲೆ, ಅಡಿಯಲ್ಲಿ ಯಾವುದೋ ಒಂದು ಸ್ವರ ಉಳಿಯಿತು. ಹದಿನಾಲ್ಕು ವರ್ಷದ ಹುಡುಗಿಯಾಗಿ ತಂದೆಯ ಆರ್ಗನಿನ ಬಲಬದಿಗೆ ನಿಂತು ಹಾಡುತ್ತಿದ್ದದ್ದು ಅದೇ. ಅದನ್ನು ಕೇಳಿ ಅವಳಿಗೇ ಗಾಬರಿಯಾಯಿತು. ಗೋಪಿನಾಥ ಎರಡು ಹಾಡು ಮುಗಿದ ಮೇಲೆ ಜೋಕು ಹೇಳುವುದನ್ನು ನಿಲ್ಲಿಸಿದ.

ಏಳನೆಯದು ಕನ್ನಡದ ಹಾಡು. ಪದ, ರಾಗ ಎರಡೂ ತಂದೆಯದೇ. 'ಕತ್ತಲು ಕವಿದಾಗ ಕೈಬಿಡದ ಕರುಣಾಮಯನೇ' ಎಂಬ ಸಾಲಿನ ಮೇಲೆ ಅವರು ಪೆನ್ಸಿಲಿನಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದು ಉದ್ದನೆಯ ಕಮಾನು ಎಳೆದು, ಬದಿಯಲ್ಲಿ 'ಒಂದೇ ಉಸಿರು' ಎಂದು ಬರೆದಿದ್ದರು. ಚಿಕ್ಕವಳಿದ್ದಾಗ ಆ ಸಾಲಿನ ನಡುವೆ ಉಸಿರು ತೆಗೆದರೆ ಅವರು ನುಡಿಸುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡುತ್ತಿದ್ದರು.

ಆ ಶುಕ್ರವಾರ ಬೆಳಿಗ್ಗೆಯಿಂದ ಧೂಳಿನ ಗಾಳಿ. ಕಂಬಳಿಗಳ ಸಂದಿಯಿಂದಲೂ ನುಣ್ಣನೆಯ ಮರಳು ನುಗ್ಗಿ ಮೈಕಿನ ಮೇಲೆ ಕುಳಿತಿತ್ತು. ಗಂಟಲಲ್ಲಿ ಮರಳಿದ್ದಂತೆ ಹಾಡುವುದು ಅವಳ ವೃತ್ತಿ. ನಿಜವಾದ ಮರಳು ಬೇರೆಯೇ. ಆರು ಸಲ ಹಾಡಿ ಆರು ಸಲ ಕೆಮ್ಮಿದಳು. ಏಳನೇ ಸಲ ಎಲ್ಲ ಸರಿಯಾಗಿ ಬಂತು, ಒಂದನ್ನು ಬಿಟ್ಟು. ಮೂರೂ ಚರಣದ ಕೊನೆಯಲ್ಲಿ ಬರುವ ಆ ಸಾಲಿನಲ್ಲಿ, 'ಕರು' ಎಂದದ್ದೇ ಎದೆ ಕಟ್ಟಿತು. ನಿಂತು, ಚುಟುಕಾಗಿ ಒಂದು ಉಸಿರೆಳೆದು, 'ಣಾಮಯನೇ' ಎಂದು ಮುಗಿಸಿದಳು. ಎರಡನೇ ಚರಣದಲ್ಲೂ ಹಾಗೇ ಆಯಿತು, ಮೂರನೆಯದರಲ್ಲೂ.

ಮುಗಿದೊಡನೆ ಇನ್ನೊಂದು ಟೇಕ್ ಬೇಕು ಎಂದಳು. ಗೋಪಿನಾಥ ಗಡಿಯಾರ ನೋಡಿದ. ಮೂರಕ್ಕೆ ಎರಡು ನಿಮಿಷ. ಮಸೀದಿಯ ಮೈಕು ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಮುಂದಿನ ವಾರ ಹಾಡುತ್ತೇನೆ, ಒಂದು ಹಾಡಲ್ಲವೇ ಎಂದು ಅವಳು ಬೇಡಿಕೊಂಡಳು.

ಯೂಸ್ಟೇಸರು ಹೆಡ್‌ಫೋನ್ ತೆಗೆದಿಟ್ಟು ಎದ್ದರು. "ಖಲಾಸ್, ಬಾಯಿ. ಇಷ್ಟು ಸಾಕು."

"ನಡುವೆ ಉಸಿರು ಬಿದ್ದಿದೆ, ಯೂಸ್ಟೇಸ್. ಡ್ಯಾಡಿ ಒಂದೇ ಉಸಿರು ಅಂತ ಬರೆದಿದ್ದಾರೆ."

"ಯಾರಿಗೆ ಗೊತ್ತಾಗ್ತದೆ? ರಾಗ ಸಿಕ್ಕಿತಲ್ಲ."

ಆಫೀಸಿನಲ್ಲಿ ಒಂದು ನಿಮಿಷ ತಡವಾದವರ ಹೆಸರು ಬರೆದಿಡುವ ಮನುಷ್ಯ ಹಾಡಿನ ಇಷ್ಟು ದೊಡ್ಡ ತೂತನ್ನು ಯಾಕೆ ಬಿಟ್ಟುಕೊಟ್ಟರು ಎಂದು ಅವಳಿಗೆ ಅನುಮಾನ ಬರಬೇಕಿತ್ತು. ಆಯಾಸವಾಗಿದೆ ಎಂದು ಕನಿಕರಪಟ್ಟರೇನೋ ಅಂದುಕೊಂಡಳು. ಅವರು ಹೋದ ಮೇಲೆ ಗೋಪಿನಾಥ ಅವಳನ್ನು ನಗಿಸಲು ಅದೇ ಸಾಲನ್ನು ಅವರ ಸುತ್ತೋಲೆಯ ಸ್ವರದಲ್ಲಿ ಓದಿದ. ದೇವರು ಕರುವಾದ ನೋಡಿ ಬಾಯಮ್ಮ, ನಿಮ್ಮ ಬೈಬಲ್ಲಿನಲ್ಲೂ ಒಂದು ಚಿನ್ನದ ಕರು ಉಂಟಲ್ಲ ಎಂದ. ಅವಳು ನಕ್ಕಳು. ತಂದೆಯ ನೋಟ್‌ಬುಕ್ಕನ್ನು ಮಾತ್ರ ನಗದೆ ಮುಚ್ಚಿದಳು.

ಜುಲೈ ಕೊನೆಗೆ ಹನ್ನೆರಡೂ ಹಾಡು ಮುಗಿದವು. ಬಿಳಿ ರವಿಕೆ, ಉದ್ದ ತೋಳು, ಫೋಟೋ ತೆಗೆದದ್ದೂ ಆಯಿತು. ಪುಸ್ತಿಕೆ ಅಚ್ಚು ಮಾಡಿಸಲು ನೋಟ್‌ಬುಕ್ಕು ಬೇಕೆಂದು ಯೂಸ್ಟೇಸರು ತೆಗೆದುಕೊಂಡು ಹೋದರು. ಆಮೇಲೆ ಮೌನ. ಗೋಪಿನಾಥನಿಗೆ ಫೋನ್ ಮಾಡಿದರೆ ಮಿಕ್ಸಿಂಗ್ ನಡೀತಾ ಉಂಟು ಎನ್ನುತ್ತಿದ್ದ. ಕ್ರಮೇಣ ಫೋನ್ ಎತ್ತುವುದನ್ನೇ ಬಿಟ್ಟ. ಅಗಾತಾಬಾಯಿ ಮಾತ್ರ ವಾರಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದಳು: ಬಂತಾ?

ಬಂದದ್ದು ಮುಂದಿನ ಮಾರ್ಚಿನಲ್ಲಿ. ಆ ದೇಶದ ನಿಯಮದಂತೆ ಅಬು ಹಮೂರಿನ ಹೊಸ ಇಗರ್ಜಿಗೆ ಹೊರಗೆ ಶಿಲುಬೆ ಇಲ್ಲ, ಗಂಟೆ ಇಲ್ಲ. ಗೇಟಿನಲ್ಲಿ ಬ್ಯಾಗು ನೋಡುವ ಗಾರ್ಡ್ ಇದ್ದಾನೆ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಜೂಲಿಯೆಟ್ ಅದೇ ಬಿಳಿ ರವಿಕೆ ತೊಟ್ಟು ಒಂದು ಗಂಟೆ ಮುಂಚೆಯೇ ಬಂದು ಕಾಯಿರಿನ ಎದುರಿನ ಸಾಲಿಗೆ ನಡೆದಳು. ಅಲ್ಲಿ ಎಲ್ಲ ಕುರ್ಚಿಗಳ ಮೇಲೂ ಹೆಸರಿನ ಚೀಟಿ ಇತ್ತು. ಎರಡು ಸಲ ಓದಿದಳು. ಹೋಟೆಲಿನಲ್ಲೂ ಚೀಟಿ, ಇಲ್ಲೂ ಚೀಟಿ. ಎರಡು ಕಡೆಯೂ ಅವಳ ಹೆಸರಿಲ್ಲ.

ಪೂಜೆ ಮುಗಿದು ಹಾಲ್‌ನಲ್ಲಿ ಸೀಡಿ ಹಂಚಿದರು. ಮುಖಪುಟದಲ್ಲಿ ಬಿಳಿ ಸೀರೆಯುಟ್ಟು ಕೈಮುಗಿದು ನಿಂತವರು ಯೂಸ್ಟೇಸರ ಹೆಂಡತಿ ಫ್ಲಾವಿಯಾ. ಗಾಯನ: ಫ್ಲಾವಿಯಾ ರೆಬೆಲ್ಲೊ. ರಾಗಸಂಗ್ರಹ: ಯೂಸ್ಟೇಸ್ ರೆಬೆಲ್ಲೊ. ಜೂಲಿಯೆಟ್ ಒಳಪುಟ ಬಿಡಿಸಿದಳು. ಕೃತಜ್ಞತೆಗಳು ಎಂಬ ಕಡೆ, ಊಟ ತಂದ ಕೇಟರಿಂಗಿನವರ ಕೆಳಗೆ, ಮೆಸಯೀದಿನಿಂದ ಜನರನ್ನು ಕರೆತಂದ ಬಸ್ಸಿನವರ ಮೇಲೆ ಅವಳಿದ್ದಳು: ಜೂಲಿಯೆಟ್, ಹೋಟೆಲ್.

ಅವಳಿನ್ನೂ ಅದನ್ನು ನೋಡುತ್ತಿರುವಾಗಲೇ ಫ್ಲಾವಿಯಾ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಆಕೆಯ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ. ಜೂಲಿಯೆಟ್‌ಗೆ ತಡೆಯಲಾಗದೆ ಹೋದದ್ದು ಅದೇ.

"ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು ಬಾಯಿ. ನೀವು ದಾರಿ ತೋರಿಸಲು ಹಾಡಿಕೊಡದಿದ್ದರೆ ನನ್ನಿಂದ ಆಗ್ತಿರಲಿಲ್ಲ. ನನಗೆ ನೋಟೇಶನ್ ಎಲ್ಲಿ ಬರ್ತದೆ? ಮೂರು ತಿಂಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಅಡುಗೆ ಮಾಡಿದ್ದು ನಾನು. ಇವರು ಹೇಳಿದ್ರು, ಅವರು ಹೇಗೆ ಹಾಡಿದ್ದಾರೋ ಹಾಗೇ ಹಾಡು, ನಿನ್ನದೇನೂ ಸೇರಿಸ್ಬೇಡ ಅಂತ. ನೀವು ಎಲ್ಲಿ ಉಸಿರು ತೆಗೆದಿದ್ದೀರೋ ನಾನೂ ಅಲ್ಲೇ ತೆಗೆದದ್ದು."

ಯೂಸ್ಟೇಸರು ಸಿಕ್ಕಿದ್ದು ಪಾರ್ಕಿಂಗಿನಲ್ಲಿ, ಹತ್ತು ತಿಂಗಳ ಹಿಂದೆ ಮಾತು ಕೊಟ್ಟಂಥದೇ ಮರಳಿನಲ್ಲಿ. ಕಾರಿನ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟಿದ್ದರು. ಅವರು ಸಮಿತಿ ಎಂದರು. ಜನ ಕೇಳುತ್ತಾರೆ ಎಂದರು. ದೊಡ್ಡ ಗುರುಗಳ ಕೈಗೆ ಕೊಡುವ ಸೀಡಿ, ಹಾಡಿದವರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಿದರೆ ಏನು ಹೇಳುವುದು ಎಂದರು. ಮೊದಲಿನಿಂದಲೂ ಹೀಗೆಯೇ ಯೋಚಿಸಿದ್ದಿರೇ ಎಂದು ಅವಳು ಕೇಳಿದ್ದಕ್ಕೆ ಅವರು ಸೀಟಿನಲ್ಲಿ ಕುಳಿತು ಕೀ ತಿರುಗಿಸಿದರು. ಕಾರಿನ ಏಸಿಯ ಗಾಳಿ ತೆರೆದ ಬಾಗಿಲಿನಿಂದ ಬಂದು ಅವಳ ಮೊಣಕೈಗೆ ತಾಗಿತು.

"ದೇವರಿಗೆ ಹಾಡಿದ್ದಲ್ಲವಾ, ಬಾಯಿ? ಅವನಿಗೆ ಗೊತ್ತುಂಟಲ್ಲ ಯಾರು ಹಾಡಿದ್ದು ಅಂತ."

"ನನ್ನ ಅಮ್ಮನಿಗೆ ಗೊತ್ತಾಗ್ಬೇಕಿತ್ತು," ಎಂದಳು ಜೂಲಿಯೆಟ್. "ದೇವರಿಗೆ ಸೀಡಿ ಬೇಡ. ಡ್ಯಾಡಿಯ ನೋಟ್‌ಬುಕ್ ಕೊಡಿ."

ಅದು ಇನ್ನೂ ಪ್ರೆಸ್ಸಿನಲ್ಲಿದೆ ಎಂದರು. ವಂದನೆಗಳು.

ಅವಳಿಗೆ ಉಳಿದದ್ದು ಒಂದೇ ದಾರಿ. ಅವಳ ಸ್ವರದಲ್ಲಿದ್ದ ಹನ್ನೆರಡು ಹಾಡು ಗೋಪಿನಾಥನ ಕಂಪ್ಯೂಟರಿನಲ್ಲಿ ಇರಬೇಕಲ್ಲ. ಫೋನ್ ಎತ್ತದಿದ್ದರೆ ಬೇಡವೆಂದು ಟ್ಯಾಕ್ಸಿ ಹಿಡಿದು ಅಲ್ ವುಕೈರಿಗೇ ಹೋದಳು. ಗೋಪಿನಾಥ ಬಾಗಿಲು ತೆರೆದವನು ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ; ನಿಂತಲ್ಲೇ ಎಲ್ಲ ಹೇಳಿದ. ಅವನಿಗೆ ತನ್ನ ವೀಸಾ ಹಿಡಿದಿಟ್ಟಿದ್ದ ಹಳೆಯ ಸ್ಪಾನ್ಸರನಿಂದ ಬಿಡುಗಡೆ ಬೇಕಿತ್ತು. ಹೊಸ ಕಂಪೆನಿಯ ವೀಸಾ ಕೊಡಿಸುತ್ತೇನೆಂದದ್ದು ಯೂಸ್ಟೇಸರು. ಫ್ಲಾವಿಯಾ ಹಾಡುವುದು ಆಗಸ್ಟಿನಲ್ಲೇ ಶುರುವಾಗಿತ್ತು, ಒಂದೊಂದು ಸಾಲಿಗೆ ಮೂವತ್ತು ಟೇಕ್, ನವೆಂಬರ್ ತನಕ. ಫ್ಲಾವಿಯಾಳ ಹಾಡು ಮುಗಿದ ದಿನ ಯೂಸ್ಟೇಸರು ಪಕ್ಕದಲ್ಲೇ ನಿಂತು ಹಳೆಯದನ್ನು ಅಳಿಸಿ ಹಾಕಿಸಿದರು.

"ಒಂದಾದರೂ ಇಟ್ಟುಕೊಳ್ಳಬಹುದಿತ್ತು, ಗೋಪಿ. ಒಂದು."

"ಇಟ್ಟುಕೊಳ್ಳಬಹುದಿತ್ತು," ಎಂದ ಗೋಪಿನಾಥ. "ಹೆದರಿಕೆ ಆಯ್ತು ಬಾಯಮ್ಮ." ಆಮೇಲೆ ಅವಳನ್ನು ನೋಡದೆ, "ಆ ಯೂಸ್ಟೇಸ್ ಪೊರ್ಬುಗಳ ಹೆಸರಲ್ಲೇ ಯೂಸ್ ಉಂಟು. ನಾವು ನೋಡಿಕೊಳ್ಳಬೇಕಿತ್ತು," ಎಂದ. ಜೋಕು ಬಾಗಿಲಿನ ಹೊಸ್ತಿಲಲ್ಲೇ ಬಿದ್ದುಕೊಂಡಿತು. ಇಬ್ಬರೂ ಅದನ್ನು ದಾಟಲಿಲ್ಲ.

ಕುಲಶೇಖರಕ್ಕೆ ಸೀಡಿ ಅವಳ ಫೋನಿಗಿಂತ ಮೊದಲೇ ತಲುಪಿತ್ತು. ರಜೆಗೆ ಹೋದ ಯಾರೋ ಕೊಟ್ಟಿದ್ದರು. ಅಣ್ಣನ ಮನೆಯಲ್ಲಿ ವಾರ್ಡಿನ ಎಂಟು ಹತ್ತು ಹೆಂಗಸರು ಕೂಡಿ, ಕಾಫಿ ಕುಡಿದು, ಹಾಕಿ ಕೇಳಿದರಂತೆ. ಮುಖಪುಟ ನೋಡಿ ಇದು ನಿನ್ನ ಮಗಳಲ್ಲವಲ್ಲ ಎಂದರಂತೆ. ಜೂಲಿಯೆಟ್ ಫೋನಿನಲ್ಲಿ ನಡೆದದ್ದೆಲ್ಲವನ್ನೂ ಹೇಳಿದಳು: ಕಂಬಳಿ, ಧೂಳು, ಅಳಿಸಿದ್ದು, ನೋಟ್‌ಬುಕ್ಕು. ಆ ಕಡೆಯಿಂದ ಜಪಮಣಿಯ ಸದ್ದು ಬರುತ್ತಿತ್ತೋ, ಲೈನಿನ ಗೊರಗೊರವೋ ತಿಳಿಯಲಿಲ್ಲ.

"ಚಂದ ಹಾಡಿದ್ದಾಳೆ ಅವಳು," ಎಂದಳು ಅಗಾತಾಬಾಯಿ ಕೊನೆಗೆ. "ನಿನ್ನ ಡ್ಯಾಡಿ ಹೇಳಿಕೊಟ್ಟ ಹಾಗೆಯೇ."

"ಅದು ನಾನು ಮಾಂಯ್. ಅವಳು ನನ್ನನ್ನೇ ಕಾಪಿ ಹೊಡೆದದ್ದು."

"ಆಗಿರಬಹುದು. ಜನರಿಗೆ ನಾನು ಹೇಳಿ ಆಯ್ತು, ನಿನಗೆ ರಿಸೆಪ್ಶನಿನಲ್ಲಿ ರಜೆ ಸಿಗಲಿಲ್ಲ, ಅದಕ್ಕೆ ಬೇರೆಯವರು ಹಾಡಿದ್ರು ಅಂತ. ಹಾಗೇ ಇರಲಿ, ಜೂಲಿ. ಫೋಟೋ ಬಂದಿದ್ರೆ ಯಾರಾದರೂ ಗುರುತು ಹಿಡಿದು ಹೋಟೆಲಿನ ವಿಷಯ ಎತ್ತುತ್ತಿದ್ರು. ಆದದ್ದು ಒಳ್ಳೇದೇ ಆಯ್ತು."

ಆ ಸ್ವರದಲ್ಲಿ ನೆಮ್ಮದಿ ಇತ್ತು. ಜೂಲಿಯೆಟ್‌ಗೆ ಹನ್ನೊಂದು ವರ್ಷದಲ್ಲಿ ಎಷ್ಟೋ ಸ್ವರಗಳು ಬಂದಿದ್ದವು; ಅದೊಂದನ್ನು ಅನುಕರಿಸಲು ಅವಳಿಂದ ಎಂದೂ ಆಗುವುದಿಲ್ಲ ಎಂದು ಆಗ ಗೊತ್ತಾಯಿತು.

ಬೇಸಿಗೆ ಮತ್ತೆ ಬಂತು. ಸೀಡಿ ಪ್ರತಿ ಮನೆಯಲ್ಲೂ, ಮೆಸಯೀದಿನ ಕಂಪೆನಿ ಬಸ್ಸಿನಲ್ಲೂ ಸವೆಯುತ್ತಿತ್ತು. ಜೂನ್ ತಿಂಗಳ ಒಂದು ಶುಕ್ರವಾರ ಜೂಲಿಯೆಟ್ ಅಬು ಹಮೂರಿನ ಇಗರ್ಜಿಯಲ್ಲಿ ಹಿಂದಿನಿಂದ ನಾಲ್ಕನೇ ಬೆಂಚಿನಲ್ಲಿ ಕುಳಿತಿದ್ದಳು. ಕಾಣಿಕೆಯ ಹೊತ್ತಿಗೆ ಕಾಯಿರು ಏಳನೇ ಹಾಡನ್ನು ಎತ್ತಿತು. ಇಗರ್ಜಿ ತುಂಬ ಇದ್ದ ಜನರೆಲ್ಲ ಎದ್ದು ಸೇರಿಕೊಂಡರು. ಎಲ್ಲರಿಗೂ ಬಾಯಿಪಾಠವಾಗಿತ್ತು. ಪುಸ್ತಕ ಬಿಡಿಸಿದವರಿಲ್ಲ. ಅವಳು ತಂದೆಯ ರಾಗವನ್ನು ಇಷ್ಟು ಜನರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವಳೂ ಎದ್ದು ನಿಂತಳು.

ಮೊದಲ ಚರಣದ ಕೊನೆ ಬಂತು. ಕತ್ತಲು ಕವಿದಾಗ ಕೈಬಿಡದ ಕರು. ಅಲ್ಲಿಗೆ ಇಡೀ ಇಗರ್ಜಿ ನಿಂತಿತು. ಎಷ್ಟೋ ನೂರು ಎದೆಗಳು ಒಟ್ಟಿಗೆ ಒಂದು ಚುಟುಕು ಉಸಿರನ್ನು ಎಳೆದುಕೊಂಡವು. ಧೂಳಿನ ಮಧ್ಯಾಹ್ನ, ಮೂರಕ್ಕೆ ಎರಡು ನಿಮಿಷವಿದ್ದಾಗ ಎಳೆದ ಅದೇ ಉಸಿರು, ಅಷ್ಟೇ ಉದ್ದ. ಆ ನಿಶ್ಶಬ್ದದ ನಡುವೆ ಒಂದೇ ಒಂದು ಸ್ವರ ನಿಲ್ಲದೆ ಮುಂದೆ ಹೋಯಿತು. ಜೂಲಿಯೆಟ್ ತಂದೆ ಬರೆದಂತೆ ಹಾಡುತ್ತಿದ್ದಳು.

ಎರಡನೇ ಚರಣದಲ್ಲೂ ಹಾಗೇ ಆಯಿತು. ಅಕ್ಕಪಕ್ಕದ ತಲೆಗಳು ತಿರುಗಿದವು. ಮುಂದಿನ ಬೆಂಚಿನಲ್ಲಿದ್ದ ಒಬ್ಬ ಹೆಂಗಸು ಹಿಂದಕ್ಕೆ ಬಾಗಿ, ಹೊಸದಾಗಿ ಬಂದವರಿಗೆ ದಾರಿ ಹೇಳುವ ಮೆತ್ತಗಿನ ಸ್ವರದಲ್ಲಿ ಹೇಳಿದಳು: "ಬಾಯಿ, ಅಲ್ಲಿ ಸ್ವಲ್ಪ ನಿಲ್ಲಿಸ್ಬೇಕು. ಫ್ಲಾವಿಯಾಬಾಯಿಯ ಸೀಡಿ ಕೇಳಿ ಕಲೀರಿ, ಸರಿ ಬರ್ತದೆ."

ಮೂರನೇ ಚರಣ ಬಂತು. ಕತ್ತಲು ಕವಿದಾಗ, ಎಂದು ಎಲ್ಲರೊಂದಿಗೆ ಹಾಡಿದಳು ಜೂಲಿಯೆಟ್, ಕೈಬಿಡದ ಕರು, ಎಂದಳು, ಮತ್ತು ನಿಂತಳು. ಎದೆಯಲ್ಲಿ ಬೇಕಾದಷ್ಟು ಗಾಳಿ ಇತ್ತು. ಆದರೂ ಚುಟುಕಾಗಿ, ಫ್ಲಾವಿಯಾ ಎಳೆದಂತೆಯೇ, ಒಂದು ಉಸಿರು ಎಳೆದುಕೊಂಡಳು.

ಮುಂದಿನ ಬೆಂಚಿನ ಹೆಂಗಸು ತಿರುಗಿ ನೋಡಿ, ಈಗ ಸರಿಯಾಯಿತು ಎಂಬಂತೆ ತಲೆಯಾಡಿಸಿದಳು.